ಕಫದ ಡಬ್ಬಿ, ಬಿಗಿ ಹಿಡಿದ ತೊಡೆ: ವಾರ್ಡಿಗೆ ಹೊಸಬರಾದವರಿಗೆ ಒಂದು ಟಿಪ್ಪಣಿ

ಹೊಸನಗರ ಕಡೆಯ ಹಳ್ಳಿಮನೆಯಲ್ಲಿ ಬೆಳೆದವಳು ನಾನು. ಬರಿಗೈಯಲ್ಲಿ ಸಗಣಿ ಬಾಚಿದ್ದೇನೆ, ಹಸು ಕರು ಹಾಕುವಾಗ ಅಮ್ಮನ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದೇನೆ, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ರಕ್ತ ಒರೆಸಿಕೊಂಡು ಶಾಲೆಗೆ ಹೋಗಿದ್ದೇನೆ. ನರ್ಸಿಂಗ್ ಸೇರುವಾಗ "ನಿನಗೆ ಹೇಸಿಗೆಯಾಗುವುದಿಲ್ಲವೇ?" ಎಂದವರನ್ನೆಲ್ಲ ನೋಡಿ ನಕ್ಕಿದ್ದೆ. ಶಿವಮೊಗ್ಗಕ್ಕೆ ಬಂದು ಮೊದಲ ಪೋಸ್ಟಿಂಗ್‌ನ ಮೂರನೆಯ ದಿನ ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಅಜ್ಜನ ಕಫದ ಡಬ್ಬಿಯ ಮುಚ್ಚಳ ತೆಗೆದೆ. ಬೆಳಿಗ್ಗೆ ತಿಂದಿದ್ದ ಕಡುಬು ಗಂಟಲಿಗೆ ಬಂತು. ಅದೇ ವಾರ ಡ್ರೆಸ್ಸಿಂಗ್ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರೊಬ್ಬರ ಕಾಲಿನ ಹುಣ್ಣಿನ ಪಟ್ಟಿ ಬಿಚ್ಚುವಾಗ ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದೆ.

ಎರಡಕ್ಕೂ ಸಿಕ್ಕ ಸಲಹೆ ಒಂದೇ: "ಜೋರಾಗಿ ಉಸಿರೆಳೆದುಕೋ, ಮೈ ಸಡಿಲ ಬಿಡು." ಎರಡರಲ್ಲೂ ಅದು ಕೈಕೊಟ್ಟಿತು. ಏಕೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೈ ತೊಳೆಯುವ, ಗ್ಲೌಸ್ ಹಾಕುವ ಕ್ರಮ ಪುಸ್ತಕದಲ್ಲಿದೆ, ಇಲ್ಲಿ ಬರೆಯುವುದಿಲ್ಲ.

ವಾಕರಿಕೆ ಬೇರೆ, ತಲೆಸುತ್ತು ಬೇರೆ

"ನನ್ನಿಂದ ನೋಡಲಾಗುವುದಿಲ್ಲ" ಎಂದು ಎರಡಕ್ಕೂ ಒಂದೇ ಮಾತು ಹೇಳುತ್ತೇವೆ. ನನ್ನ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ವಾಕರಿಕೆ ಹುಟ್ಟುವುದು ಹೇಸಿಗೆಯಿಂದ. ಕಣ್ಣು, ಮೂಗು, ಹಳೆಯ ನೆನಪು ಎಲ್ಲವೂ ಸೇರಿ ಮೆದುಳಿನ ಬುಡದಲ್ಲಿರುವ ಮೆಡುಲ್ಲಾದ ವಾಂತಿ ಕೇಂದ್ರವನ್ನು ಕೆಣಕುತ್ತವೆ. ಬಾಯಲ್ಲಿ ನೀರೂರುತ್ತದೆ, ಗಂಟಲು ಬಿಗಿಯುತ್ತದೆ. ಇಷ್ಟಾದರೂ ಸಾಮಾನ್ಯವಾಗಿ ಯಾರೂ ಕುಸಿದು ಬೀಳುವುದಿಲ್ಲ. ಇಲ್ಲಿ ಜೋರಾಗಿ ಉಸಿರೆಳೆದರೆ ಏನಾಗುತ್ತದೆ? ಯಾವ ವಾಸನೆ ಬೇಡವೋ ಅದನ್ನೇ ಇನ್ನಷ್ಟು ಒಳಗೆಳೆದುಕೊಂಡಂತಾಗುತ್ತದೆ.

ಹೇಸಿಗೆಗೆ ರೋಗಾಣುವಿನ ಲೆಕ್ಕ ಗೊತ್ತಿಲ್ಲ ಎಂಬುದಕ್ಕೆ ನಮ್ಮ ಮನೆಗಳಲ್ಲೇ ಸಾಕ್ಷಿ ಇದೆ. ದಿನಕ್ಕೆ ಒಂದು ಲೀಟರಿನಷ್ಟು ಜೊಲ್ಲನ್ನು ನಾವೇ ನುಂಗುತ್ತೇವೆ. ಅದನ್ನೇ ತೊಳೆದ ಲೋಟಕ್ಕೆ ಉಗುಳಿ ಕುಡಿ ಎಂದರೆ ಯಾರು ಕುಡಿಯುತ್ತಾರೆ? ತುಟಿ ದಾಟಿದೊಡನೆ ಅದು ಎಂಜಲು. ಬದಲಾದದ್ದು ದ್ರವವಲ್ಲ, ಗೆರೆ ದಾಟಿದ್ದು. ಸಗಣಿ ನನಗೆ ಹೇಸಿಗೆ ಅಲ್ಲದಿರಲು ಕಾರಣವೂ ಇದೇ ಇರಬೇಕು: ಅದು ಗೊಬ್ಬರ, ಅಂಗಳ ಸಾರಿಸುವ ವಸ್ತು, ನಮ್ಮ ಕೆಲಸ. ಅಜ್ಜನ ಕಫಕ್ಕೆ ನನ್ನ ಮನಸ್ಸಿನಲ್ಲಿ ಅಂಥ ಯಾವ ಕೆಲಸವೂ ಇರಲಿಲ್ಲ. ಇದಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ತಲೆಸುತ್ತಿನ ಕಥೆ ಬೇರೆ. ನಾಯಿ ಅಟ್ಟಿಸಿಕೊಂಡು ಬಂದರೆ ಎದೆಬಡಿತ, ಬಿಪಿ ಏರುತ್ತವೆ. ಓಡುತ್ತೇವೆ, ಮೂರ್ಛೆ ಹೋಗುವುದಿಲ್ಲ. ರಕ್ತ, ಗಾಯ, ಸೂಜಿ ಕಂಡಾಗ ಕೆಲವರಲ್ಲಿ ಎರಡು ಹಂತ: ಮೊದಲು ಸ್ವಲ್ಪ ಏರಿಕೆ, ಮರುಕ್ಷಣ ಕುಸಿತ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಎದೆಬಡಿತವನ್ನು ನಿಧಾನಿಸುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಕಾಲುಗಳ ಕಡೆ ಇಳಿಯುತ್ತದೆ, ಮೆದುಳಿಗೆ ಸಾಲದಾಗುತ್ತದೆ. ಆಕಳಿಕೆ, ತಣ್ಣನೆಯ ಬೆವರು, ಮಾತುಗಳು ದೂರದಿಂದ ಕೇಳಿದಂತಾಗುವುದು ಇದರ ಮುನ್ಸೂಚನೆ. ಈಗ ಮೈ ಸಡಿಲ ಬಿಟ್ಟರೆ ಇಳಿಯುತ್ತಿರುವ ಬಿಪಿಗೆ ದಾರಿ ಮಾಡಿಕೊಟ್ಟಂತೆ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆಸುತ್ತು ಹೆಚ್ಚುತ್ತದೆ.

ಬಿಗಿಯುವ ವಿದ್ಯೆ (ನಾನು ಎಡವಿದ್ದು ಇಲ್ಲೇ)

ತಲೆಸುತ್ತಿಗೆ ಮದ್ದು ಸಡಿಲಿಸುವುದಲ್ಲ, ಬಿಗಿಯುವುದು. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ಪ್ರಕಟಿಸಿದ ವಿಧಾನ ಇದು. ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿಹಿಡಿಯಬೇಕು. ಮುಖ ಬೆಚ್ಚಗಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು. ಬಿಟ್ಟು 20ರಿಂದ 30 ಸೆಕೆಂಡು ಕಾದು ಮತ್ತೆ ಬಿಗಿಯಬೇಕು. ಹೀಗೆ ಐದು ಸಲ. ಬಿಗಿದ ಸ್ನಾಯು ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ, ಬಿಪಿ ಏರುತ್ತದೆ.

ಓದಲು ಸುಲಭ. ನಾನು ಒಂದು ವಾರ ಮಾಡಿದರೂ ಪ್ರತಿಸಲ ಬಿಟ್ಟಕೂಡಲೇ ಮತ್ತೆ ಕಣ್ಣು ಮಂಜಾಗುತ್ತಿತ್ತು. ಹಾಸ್ಟೆಲಿನಲ್ಲಿ ಗೆಳತಿ ಬಿಪಿ ನೋಡುತ್ತಾ ಕುಳಿತಳು. ಬಿಗಿದಾಗ ಮೇಲಿನ ಅಂಕಿ ಚೆನ್ನಾಗಿಯೇ ಏರುತ್ತಿತ್ತು. ಅವಳ ಕಣ್ಣಿಗೆ ಬಿದ್ದದ್ದು ನಾನು ಬಿಡುವ ರೀತಿ: "ನೀನು ಬಿಡುತ್ತಿಲ್ಲ ಮಾರಾಯ್ತಿ, ಕುಸಿಯುತ್ತಿದ್ದೀಯ." ನಿಜ. ಪ್ರತಿಸಲ ಉಸ್ಸೆಂದು ಭುಜ ಇಳಿಬಿಟ್ಟು ಒದ್ದೆ ಬಟ್ಟೆಯ ಹಾಗೆ ಕುರ್ಚಿಗೆ ಅಂಟುತ್ತಿದ್ದೆ. ಬಿಡುವುದೆಂದರೆ ವಿಶ್ರಾಂತಿ ಎಂದುಕೊಂಡಿದ್ದೆ. ಹಾಗಲ್ಲ. ಬಿಗಿಯುವ ಮೊದಲು ಹೇಗೆ ಕುಳಿತಿದ್ದೆವೋ ಆ ಮಟ್ಟಕ್ಕೆ ಮಾತ್ರ ಮರಳಬೇಕು, ಅದಕ್ಕಿಂತ ಕೆಳಗಲ್ಲ.

ಬಾವಿಯಿಂದ ಕೊಡ ಸೇದಿದವರಿಗೆ ಇದನ್ನು ಹೇಳುವುದು ಸುಲಭ. ನಡುವೆ ಸುಸ್ತಾದರೆ ನಾವು ಎಳೆಯುವುದನ್ನು ನಿಲ್ಲಿಸುತ್ತೇವೆ, ಹಗ್ಗ ಬಿಡುವುದಿಲ್ಲ. ಬಿಟ್ಟರೆ ಕೊಡ ತಳ ಸೇರುತ್ತದೆ, ಸೇದಿದ್ದೆಲ್ಲ ವ್ಯರ್ಥ. ಎಳೆ, ಹಿಡಿದು ನಿಲ್ಲು, ಎಳೆ, ಹಿಡಿದು ನಿಲ್ಲು. ಈ ಚಿತ್ರ ಮನಸ್ಸಿಗೆ ಬಂದ ಮೇಲೆ ಎರಡೇ ದಿನದಲ್ಲಿ ಹಿಡಿತ ಸಿಕ್ಕಿತು.

ಇದರ ಜೊತೆಗೆ ಇನ್ನೂ ಎರಡು ತಪ್ಪು ಮಾಡಿದ್ದೆ. ಬಿಗಿಯುವಾಗ ಉಸಿರು ಕಟ್ಟುತ್ತಿದ್ದೆ. ಮಲಬದ್ಧತೆಯವರು ತಿಣುಕಿದ ಹಾಗೆ ಉಸಿರು ಕಟ್ಟಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೆಲ್ಲಗೆ ಮಾತನಾಡುತ್ತಾ ಬಿಗಿದರೆ ಉಸಿರು ತಾನಾಗಿ ಹರಿಯುತ್ತದೆ. ಇನ್ನೊಂದು, ಕಣ್ಣು ಕತ್ತಲಿಟ್ಟ ಮೇಲೆ ಶುರು ಮಾಡುತ್ತಿದ್ದೆ. ಮೊದಲ ಆಕಳಿಕೆಗೇ ಶುರು ಮಾಡಬೇಕು. ಡ್ರೆಸ್ಸಿಂಗ್ ಮಾಡುವಾಗ ಕೈಗಳು ಖಾಲಿ ಇರುವುದಿಲ್ಲ. ಆಗ ಕಾಲ ಮೇಲೆ ಕಾಲು ಅಡ್ಡ ಹಾಕಿ ನಿಂತು ತೊಡೆ, ಪೃಷ್ಠ, ಹೊಟ್ಟೆ ಬಿಗಿದರೂ ಸಾಕು. ಯಾರಿಗೂ ಕಾಣುವುದಿಲ್ಲ. ಇಷ್ಟಾಗಿಯೂ ತಪ್ಪದಿದ್ದರೆ ಸಿಸ್ಟರ್‌ಗೆ ಹೇಳಿ ನೆಲದಲ್ಲೇ ಕುಳಿತುಬಿಡಿ. ಸ್ಟೆರೈಲ್ ಟ್ರೇ ಮೇಲೆ ಬೀಳುವುದಕ್ಕಿಂತ ಆ ಅವಮಾನ ಚಿಕ್ಕದು. ತಿಂಡಿ ಬಿಟ್ಟು ಪೋಸ್ಟಿಂಗ್‌ಗೆ ಹೋಗಬೇಡಿ; ವಾಂತಿಯಾದೀತೆಂದು ಖಾಲಿ ಹೊಟ್ಟೆಯಲ್ಲಿ ಹೋದ ದಿನವೇ ನಾನು ಹೆಚ್ಚು ತತ್ತರಿಸಿದ್ದು.

ಕಫ

ಮುಚ್ಚಳ ತೆಗೆಯುವ ಮೊದಲು ಚೀಟಿಯಲ್ಲಿ ನಾಲ್ಕು ಪದ ಬರೆದುಕೊಳ್ಳುತ್ತೇನೆ: ಎಷ್ಟು, ಬಣ್ಣ, ದಪ್ಪ, ವಾಸನೆ. ಎದುರಿಗೆ ಜಾಗ ಖಾಲಿ. ನನ್ನ ಒಳದಾರಿ ಇಷ್ಟೇ. ತುಂಬಬೇಕಾದ ಖಾಲಿ ಜಾಗ ಇದ್ದರೆ ಕಣ್ಣು ಉತ್ತರ ಹುಡುಕುತ್ತದೆ, ಗಂಟಲು ಸ್ವಲ್ಪ ಹೊತ್ತು ಕಾಯುತ್ತದೆ. ಸಗಣಿಗಿದ್ದ ಹಾಗೆ ಕಫಕ್ಕೂ ಒಂದು ಕೆಲಸ ಸಿಕ್ಕಿತು.

ಹಳದಿ, ಹಸಿರು ಎಂದರೆ ಕೀವು ಸೇರಿರಬಹುದು. ತುಕ್ಕಿನ ಬಣ್ಣ ನ್ಯುಮೋನಿಯಾದಲ್ಲಿ ಕಾಣುತ್ತದೆ. ನಸುಗೆಂಪು ನೊರೆ ಬಂದು ರೋಗಿ ಏದುಸಿರು ಬಿಡುತ್ತಿದ್ದರೆ ಚೀಟಿ ಬದಿಗಿಟ್ಟು ಸಿಸ್ಟರ್ ಹತ್ತಿರ ಓಡಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು.

ಕೆಂಪಿನ ವಿಷಯದಲ್ಲಿ ನನ್ನ ಮಾನ ಹೋದ ಕಥೆ ಇದೆ. ತೋಟದ ಕೆಲಸದ ಒಬ್ಬರ ಡಬ್ಬಿಯಲ್ಲಿ ಕಡುಗೆಂಪು ನೊರೆ ಕಂಡು "ಸಿಸ್ಟರ್, ರಕ್ತ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಸಿಸ್ಟರ್ ಬಂದು ಡಬ್ಬಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಸಣ್ಣ ಸಣ್ಣ ಅಡಿಕೆ ಚೂರು. "ಯಜಮಾನರೇ, ಕವಳ ಹಾಕಿದ್ದಿರಾ?" ಅವರು ಕಳ್ಳನಗೆ ನಕ್ಕು ದಿಂಬಿನ ಕೆಳಗಿನಿಂದ ಎಲೆ ಅಡಿಕೆಯ ಚೀಲ ತೆಗೆದುಕೊಟ್ಟರು. ಅಡಿಕೆಗೆ ಸುಣ್ಣ ಸೇರಿದರೆ ಕೆಂಪಾಗುವುದು ನನಗೆ ಗೊತ್ತಿಲ್ಲದ ವಿಷಯವೇ? ನಮ್ಮ ಮನೆಯ ಜಗಲಿಯಲ್ಲೇ ಕವಳದ ತಟ್ಟೆ ಇದೆ. ಆಸ್ಪತ್ರೆಯ ವಾಸನೆಯಲ್ಲಿ ಮನೆಯ ಜ್ಞಾನ ಮರೆತುಹೋಗಿತ್ತು.

ಆದರೆ ಸಿಸ್ಟರ್ ಅಲ್ಲಿಗೆ ಬಿಡಲಿಲ್ಲ. "ಕವಳ ಹಾಕುವವರಿಗೂ ರಕ್ತ ಬರುತ್ತದೆ" ಎಂದು ಬಾಯಿ ಮುಕ್ಕಳಿಸಲು ಹೇಳಿ ಹೊಸ ಡಬ್ಬಿ ಕೊಟ್ಟರು, ಟಾರ್ಚ್ ಹಾಕಿ ವಸಡು ನೋಡಿದರು, "ಜ್ವರ ಬಂದಿತ್ತೇ? ಇತ್ತೀಚೆಗೆ ಕಾಡಿಗೆ ಹೋಗಿದ್ದಿರಾ?" ಎಂದು ಕೇಳಿದರು. ಆ ಪ್ರಶ್ನೆ ಏಕೆಂದು ಮಲೆನಾಡಿನವರಿಗೆ ತಿಳಿದೀತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನ (ಉಣ್ಣಿ ಹುಳದ) ಕಡಿತದಿಂದ ಹರಡುತ್ತದೆ. ಜ್ವರದ ಜೊತೆ ಮೂಗು, ವಸಡಿನಿಂದ ರಕ್ತ ಬರಬಹುದು. ಅವರ ಎರಡನೆಯ ಡಬ್ಬಿಯಲ್ಲಿ ಕೆಂಪು ಇರಲಿಲ್ಲ.

ನಿಜವಾದ ರಕ್ತವಾದರೆ ಕೆಮ್ಮಿನೊಂದಿಗೆ ಬಂದದ್ದೋ ವಾಂತಿಯೊಂದಿಗೋ ಎಂದು ಕೇಳಿ. ಶ್ವಾಸಕೋಶದ್ದು ಸಾಮಾನ್ಯವಾಗಿ ಹೊಳಪಿನ ಕೆಂಪು, ನೊರೆನೊರೆ. ಹೊಟ್ಟೆಯದು ಹೆಚ್ಚಾಗಿ ಕಪ್ಪು, ಆಮ್ಲದಲ್ಲಿ ನೆನೆದು ಕಾಫಿಪುಡಿಯ ಗಸಿಯ ಹಾಗೆ, ಅನ್ನದ ಅಗುಳೂ ಇರಬಹುದು.

ಉಳಿದವು, ಚಿಕ್ಕದಾಗಿ

ಮಲ: ಡಾಂಬರಿನಂತೆ ಕಪ್ಪು, ಅಂಟು, ಕೆಟ್ಟ ನಾತ ಇದ್ದರೆ ಜಠರದ ಕಡೆಯ ರಕ್ತಸ್ರಾವ ಎಂದು ಶಂಕಿಸಿ ತಕ್ಷಣ ಹೇಳಬೇಕು. ಕಬ್ಬಿಣದ ಮಾತ್ರೆ ತಿನ್ನುವ ಬಸುರಿಯರದ್ದೂ ಕಪ್ಪೇ, ಆದರೆ ಅಂಟು ಇರುವುದಿಲ್ಲ.

ಮೂತ್ರ: ದೊಡ್ಡವರಲ್ಲಿ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 0.5 ಮಿಲಿಲೀಟರಾದರೂ ಬರಬೇಕು. ನನಗೆ ಮೂತ್ರದ ಬಗ್ಗೆ ಎಂದೂ ಹೇಸಿಗೆಯಾಗಿಲ್ಲ, ಹಾಗಾಗಿ ಹೇಳಲು ಹೆಚ್ಚೇನಿಲ್ಲ. ಒಂದೇ ಎಚ್ಚರ: ನೆಲಕ್ಕೆ ಚೆಲ್ಲಿದ ಮೂತ್ರದ ಮೇಲೆ ನೇರವಾಗಿ ಹೈಪೋಕ್ಲೋರೈಟ್ (ರೋಗಾಣು ಕೊಲ್ಲುವ ಬ್ಲೀಚ್ ದ್ರಾವಣ) ಸುರಿಯಬೇಡಿ, ಗಂಟಲು ಸುಡುವ ಅನಿಲ ಏಳುತ್ತದೆ. ಮೊದಲು ಒರೆಸಿ ತೆಗೆಯಿರಿ. ರಕ್ತಕ್ಕಾದರೆ ಹೀರುವ ಬಟ್ಟೆ ಮುಚ್ಚಿ, ಶೇಕಡಾ 1ರ ದ್ರಾವಣ ಸುರಿದು ಕನಿಷ್ಠ 10 ನಿಮಿಷ ಬಿಡಬೇಕು.

ವಾಸನೆ: ಮೊದಲ ಕೆಲವು ನಿಮಿಷಗಳದ್ದೇ ಕಷ್ಟ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ತಾಳಲಾರದೆ ಹೊರಗೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಮಾಸ್ಕಿನೊಳಗೆ ಬಾಯಿಂದ ಉಸಿರಾಡಿ, ಅಲ್ಲೇ ನಿಲ್ಲಿ. ಮಾಸ್ಕಿನ ಹೊರಮೈಗೆ ವಿಕ್ಸ್ ಸವರಿಕೊಳ್ಳುವವರಿದ್ದಾರೆ. ನನಗಂತೂ ಈಗ ವಿಕ್ಸ್ ವಾಸನೆ ಬಂದರೇ ಬೆಡ್‌ಪ್ಯಾನ್ ನೆನಪಾಗುತ್ತದೆ.

ಹೇಸಿಗೆಯ ಹಿಂದೆ ಅಡಗಿರುವುದು ಸೋಂಕಿನ ಭಯವೂ ಆಗಿರಬಹುದು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿಕೊಳ್ಳಿ. ಗಾಯವಿಲ್ಲದ ಚರ್ಮದ ಮೇಲೆ ಬಿದ್ದ ರಕ್ತವನ್ನು ಸೋಪಿನಿಂದ ತೊಳೆದರೆ ಸಾಕು ಎಂದು ತಿಳಿದ ದಿನ ನನ್ನ ಅರ್ಧ ಹೇಸಿಗೆ ಇಳಿಯಿತು.

ಹಲ್ಲಿನ ಸೆಟ್

ಇದನ್ನು ನಾನು ಇನ್ನೂ ಗೆದ್ದಿಲ್ಲ. ಕ್ರಮ ಗೊತ್ತು: ಜಾರಿ ಬಿದ್ದರೂ ಒಡೆಯದಂತೆ ಸಿಂಕಿನ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಉಜ್ಜಬೇಕು, ಬಿಸಿನೀರು ಕೂಡದು. ಆದರೆ ಗ್ಲೌಸಿನ ಮೇಲೂ ಆ ಲೋಳೆ ತಾಕಿದಾಗ ನನ್ನ ನಾಲ್ಕು ಪದಗಳ ಚೀಟಿ ಕೆಲಸ ಮಾಡುವುದಿಲ್ಲ, ಬರೆಯಲು ಅಲ್ಲಿ ಏನೂ ಇಲ್ಲವಲ್ಲ. ಸದ್ಯಕ್ಕೆ ಗೆಳತಿಯೊಂದಿಗೆ ಒಪ್ಪಂದ: ಅವಳ ಪಾಲಿನ ಕಫದ ಡಬ್ಬಿಗಳು ನನಗೆ, ನನ್ನ ಪಾಲಿನ ಹಲ್ಲಿನ ಸೆಟ್‌ಗಳು ಅವಳಿಗೆ. ಮುಂದಿನ ತಿಂಗಳು ನಮ್ಮಿಬ್ಬರನ್ನೂ ಬೇರೆ ಬೇರೆ ವಾರ್ಡಿಗೆ ಹಾಕಿದ್ದಾರೆ.