ಬೈಬಲ್‌ನ ‘ಜನಾಂಗ’, ನಮ್ಮ ಬಾಯಿಯ ‘ಜನಾಂಗ’

ಮೈಸೂರಿನ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಒಂದು ಭಾನುವಾರ ಬೈಬಲ್‌ನ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಓದುತ್ತಿದ್ದೆವು. ಯೇಸುವಿನ ಅಪೊಸ್ತಲ ಪೌಲ ಗ್ರೀಸಿನ ಅಥೇನೆಯಲ್ಲಿ (ಅಥೆನ್ಸ್) ನಿಂತು, ದೇವರು ಒಬ್ಬನಿಂದಲೇ ಎಲ್ಲ ಜನಾಂಗಗಳನ್ನೂ ಹುಟ್ಟಿಸಿದನು ಎಂದು ಹೇಳುವ ಭಾಗ ಅದು. ರಜೆಗೆ ಮಂಡ್ಯದಿಂದ ಅಜ್ಜಿ ಮನೆಗೆ ಬಂದಿದ್ದ ಒಬ್ಬ ಹುಡುಗ ಕೈ ಎತ್ತಿದ. “ಟೀಚರ್, ಜನಾಂಗ ಅಂದ್ರೆ ಜಾತಿ ಅಲ್ವಾ? ಜಾತಿ ಮಾಡಿದ್ದು ದೇವರೇನಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೈಸೂರು, ಮಂಡ್ಯ ಕಡೆ ‘ನಮ್ಮ ಜನಾಂಗದವರು’ ಅಂದರೆ ನಮ್ಮ ಜಾತಿಯವರು ಅಂತಲೇ ಅರ್ಥ. ಚುನಾವಣೆ ಬಂದರೆ ಪತ್ರಿಕೆಯಲ್ಲಿ ಇಂಥ ಜನಾಂಗದ ಮತ ಎಷ್ಟು, ಅಂಥ ಜನಾಂಗದ ಮತ ಎಷ್ಟು ಎಂದು ಬರುತ್ತದೆ. ಹಳ್ಳಿಯಲ್ಲಿ ಹೊಸಬರು ಬಂದರೆ ‘ಯಾವ ಜನ?’ ಎಂದು ಕೇಳುತ್ತಾರೆ. ಅದೇ ಹುಡುಗ ಸಮಾಜ ಪಾಠದಲ್ಲಿ ಆರ್ಯ ಜನಾಂಗ, ದ್ರಾವಿಡ ಜನಾಂಗ ಎಂದು ಓದುತ್ತಾನೆ. ಅಲ್ಲಿ ಇದೇ ಪದ ಇಂಗ್ಲಿಷಿನ ‘ರೇಸ್’ಗೆ ನಿಂತಿರುತ್ತದೆ. ಬೈಬಲ್ ತೆರೆದರೆ ಅಲ್ಲೂ ಜನಾಂಗ. ಒಂದೇ ಪದದ ಮೇಲೆ ಇಷ್ಟು ಭಾರ ಹೇರಿದರೆ ಮಕ್ಕಳು ಗೊಂದಲಕ್ಕೆ ಬೀಳದೆ ಇನ್ನೇನಾಗುತ್ತದೆ?

ಪೌಲ ಆಡಿದ್ದು ಗ್ರೀಕ್ ಮಾತು. ಅಲ್ಲಿರುವ ಪದ ‘ಎಥ್ನೋಸ್’. ಒಂದು ನಾಡು, ಒಂದು ನುಡಿ, ಒಂದು ಬಗೆಯ ಬಾಳುವೆ ಇರುವ ಜನ ಎಂದು ಅದರ ಅರ್ಥ. ಐಗುಪ್ತದವರು (ಈಜಿಪ್ಟಿನವರು) ಒಂದು ಎಥ್ನೋಸ್, ಯೆಹೂದ್ಯರು ಒಂದು ಎಥ್ನೋಸ್. ಮೈಬಣ್ಣದ ಲೆಕ್ಕ ಅದರಲ್ಲಿಲ್ಲ. ತಲೆಬುರುಡೆ ಅಳೆಯುವ ಮಾತಂತೂ ಇಲ್ಲವೇ ಇಲ್ಲ. ಮುಖ್ಯವಾಗಿ, ಯಾರು ಮೇಲು ಯಾರು ಕೀಳು ಎಂಬ ಏಣಿ ಇಲ್ಲ.

‘ರೇಸ್’ ಎಂಬುದು ಆ ಏಣಿಯ ಹೆಸರು. ಅದಕ್ಕೆ ವಯಸ್ಸೂ ಜಾಸ್ತಿ ಆಗಿಲ್ಲ. 1735ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಮರ, ಪ್ರಾಣಿಗಳನ್ನು ವಿಂಗಡಿಸುವಾಗ ಮನುಷ್ಯರನ್ನೂ ಖಂಡ ಮತ್ತು ಬಣ್ಣ ನೋಡಿ ನಾಲ್ಕು ಬಗೆ ಮಾಡಿದರು. 1758ರ ಆವೃತ್ತಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಗುಣ ಅಂಟಿಸಿದರು. ಯುರೋಪಿನವರು ಚುರುಕು, ಆಫ್ರಿಕಾದವರು ಸೋಮಾರಿ, ಹೀಗೆ. 1795ರಲ್ಲಿ ಜರ್ಮನಿಯ ಬ್ಲೂಮೆನ್‌ಬಾಖ್ ಬಿಳಿಯರಿಗೆ ‘ಕಾಕೇಸಿಯನ್’ ಎಂದು ಹೆಸರಿಟ್ಟರು. ಕಾಕಸಸ್ ಬೆಟ್ಟಗಳ ಕಡೆಯ ಜನರೇ ಎಲ್ಲರಿಗಿಂತ ಚೆಂದ ಎಂದು ಅವರಿಗೆ ಅನಿಸಿತ್ತು. ಆ ಹೊತ್ತಿಗೆ ಹಡಗು ತುಂಬ ಗುಲಾಮರನ್ನು ಸಾಗಿಸುವ ವ್ಯಾಪಾರ ಜೋರಾಗಿ ನಡೆದಿತ್ತು. ಮನುಷ್ಯರನ್ನು ಮಾರಬೇಕಾದರೆ ಅವರು ನಮ್ಮಂಥವರಲ್ಲ ಎಂದು ನಂಬಿಸಿಕೊಳ್ಳಲೇಬೇಕು. ಆ ನಂಬಿಕೆಗೆ ಈ ಪಟ್ಟಿಗಳು ಚೆನ್ನಾಗಿ ಒದಗಿ ಬಂದವು.

ಈ ಅಳತೆಪಟ್ಟಿ ನಮ್ಮ ಮೈಸೂರಿಗೂ ಬಂತು. 1901ರ ಜನಗಣತಿಯ ಮುಖ್ಯಸ್ಥ, ಬ್ರಿಟಿಷ್ ಅಧಿಕಾರಿ ರಿಸ್ಲಿ, ಮೂಗಿನ ಅಗಲ ಮತ್ತು ಉದ್ದ ಅಳೆದು ಜಾತಿಯ ಮೇಲು ಕೀಳನ್ನು ರೇಸ್ ಲೆಕ್ಕದಲ್ಲಿ ತೋರಿಸಲು ಹೊರಟವರು. ಮೈಸೂರು ಸಂಸ್ಥಾನದಲ್ಲೂ ಬುಡಕಟ್ಟು ಮತ್ತು ಜಾತಿಗಳ ದೊಡ್ಡ ಸಮೀಕ್ಷೆ ನಡೆಯಿತು. ಅದನ್ನು ಶುರು ಮಾಡಿದ ಎಚ್.ವಿ. ನಂಜುಂಡಯ್ಯನವರು ಮುಂದೆ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಅವರ ಕೆಲಸವನ್ನು ಅನಂತಕೃಷ್ಣ ಅಯ್ಯರ್ ಮುಗಿಸಿದರು. 1935ರಲ್ಲಿ ಬಂದ ಸಂಪುಟದಲ್ಲಿ ಜರ್ಮನಿಯ ಐಕ್‌ಸ್ಟೆಟ್ ಎಂಬ ವಿದ್ವಾಂಸ, ಭಾರತದ ರೇಸ್ ಇತಿಹಾಸದಲ್ಲಿ ಮೈಸೂರಿನ ಜಾಗ ಯಾವುದು ಎಂದು ಬರೆದರು. ಅದೇ 1935ರಲ್ಲೇ ಜರ್ಮನಿಯಲ್ಲಿ ನ್ಯೂರೆಂಬರ್ಗ್ ಕಾನೂನು ಬಂದು, ರಕ್ತದ ಹೆಸರಲ್ಲಿ ಯೆಹೂದ್ಯರ ಪೌರತ್ವ ಕಿತ್ತುಕೊಳ್ಳಲಾಯಿತು. ಜನರ ಹಾಡು, ಹಬ್ಬ, ಕಸುಬು ಬರೆದಿಟ್ಟವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಮೂಗು ಅಳೆದು ಬೆಲೆ ಕಟ್ಟುವುದು ಮಾತ್ರ ಬೇರೆಯೇ ಕೆಲಸ.

ವಿಜ್ಞಾನವೇ ಆಮೇಲೆ ಆ ಪಟ್ಟಿಯನ್ನು ಕೈಬಿಟ್ಟಿತು. 1972ರಲ್ಲಿ ಜೀವವಿಜ್ಞಾನಿ ಲೆವಾಂಟಿನ್ ಲೆಕ್ಕ ಹಾಕಿ ತೋರಿಸಿದಂತೆ, ಮನುಷ್ಯರ ನಡುವಿನ ವಂಶವಾಹಿ ವ್ಯತ್ಯಾಸದಲ್ಲಿ ಸುಮಾರು 85 ಶೇಕಡಾ ಒಂದೇ ಗುಂಪಿನ ಒಳಗೇ ಇರುತ್ತದೆ. ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು. ಯಾವ ಇಬ್ಬರನ್ನು ತೆಗೆದುಕೊಂಡರೂ ಡಿಎನ್ಎ ಸುಮಾರು 99.9 ಶೇಕಡಾ ಒಂದೇ. ಮೈಬಣ್ಣ ಬಿಸಿಲಿನ ಲೆಕ್ಕ, ಅಷ್ಟೇ.

ಬೈಬಲ್ ಓದುವವರಾದ ನಾವು ಇದಕ್ಕೆ ವಿಜ್ಞಾನದ ದಾರಿ ಕಾಯಬೇಕಾಗಿರಲಿಲ್ಲ. ದೇವರು ತನ್ನ ಸ್ವರೂಪದಲ್ಲಿ ಮನುಷ್ಯನನ್ನು ಉಂಟುಮಾಡಿದನು ಎಂದು ಆದಿಕಾಂಡದ ಮೊದಲನೇ ಅಧ್ಯಾಯದಲ್ಲೇ ಇದೆ. ಅಲ್ಲಿ ಬಣ್ಣದ ಷರತ್ತಿಲ್ಲ. ಬೈಬಲ್‌ನ ಅರಣ್ಯಕಾಂಡದ 12ನೇ ಅಧ್ಯಾಯ ನೋಡಿ. ಇಸ್ರಾಯೇಲರ ನಾಯಕ ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದ. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣಕ್ಕಿರುವ ಕಪ್ಪು ಜನರ ನಾಡು. ಮೋಶೆಯ ಅಕ್ಕ ಮಿರ್ಯಾಮ ಅದನ್ನೇ ಹಿಡಿದು ಆಡಿಕೊಂಡಳು. ಆಮೇಲೆ ಅವಳ ಮೈಯೆಲ್ಲ ತೊನ್ನು ಹತ್ತಿ ಹಿಮದಂತೆ ಬೆಳ್ಳಗಾಯಿತು. ‘ಹುಡುಗಿ ಬೆಳ್ಳಗಿದಾಳಾ?’ ಎಂದು ಕೇಳುವ ಮನೆಗಳಲ್ಲಿ ಈ ಅಧ್ಯಾಯ ಜೋರಾಗಿ ಓದಬೇಕು ಅಂತ ನನಗೆ ಅನಿಸುತ್ತದೆ. ಪ್ರವಾದಿ ಯೆರೆಮೀಯನನ್ನು ಕೆಸರಿನ ಬಾವಿಯಿಂದ ಮೇಲೆತ್ತಿದ ಎಬೆದ್ಮೆಲೆಕನೂ ಕೂಷ್‌ನವನೇ. ಹಗ್ಗ ಕಂಕುಳಿಗೆ ಒತ್ತಬಾರದು ಎಂದು ಹಳೇ ಬಟ್ಟೆ ಹುಡುಕಿ ತಂದು ಇಳಿಸಿದವನು ಅವನು.

ಹಾಗಾದರೆ ಕ್ರೈಸ್ತರು ಈ ಪಾಪಕ್ಕೆ ಬೀಳಲಿಲ್ಲವೇ? ಬಿದ್ದರು, ಬಹಳ ಆಳಕ್ಕೆ ಬಿದ್ದರು. ನೋಹನ ಮಗ ಹಾಮನಿಗೆ ಶಾಪವಿದೆ, ಆಫ್ರಿಕಾದವರು ಹಾಮನ ಸಂತಾನ, ಅದಕ್ಕೇ ಅವರು ಗುಲಾಮರಾಗಬೇಕು ಎಂದು ನೂರಾರು ವರ್ಷ ಬೋಧಿಸಿದರು. ಆದಿಕಾಂಡದ 9ನೇ ಅಧ್ಯಾಯದಲ್ಲಿ ನೋಹ ಶಪಿಸಿದ್ದು ಹಾಮನ ಮಗ ಕಾನಾನನನ್ನು. ಹಾಮನನ್ನು ಶಪಿಸಲೇ ಇಲ್ಲ, ಬಣ್ಣದ ಸುದ್ದಿಯೂ ಅಲ್ಲಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಇಸ್ರಾಯೇಲರು ದಾಸತ್ವದಿಂದ ಬಿಡುಗಡೆಯಾದ ಕಥೆಯನ್ನು ಅದರಿಂದ ತೆಗೆದುಹಾಕಿದ್ದರು. ದಾಸ, ಸ್ವತಂತ್ರ ಎಂಬ ಭೇದ ಕ್ರಿಸ್ತನಲ್ಲಿಲ್ಲ ಎನ್ನುವ ಗಲಾತ್ಯದ ಮಾತನ್ನೂ ಕತ್ತರಿಸಿದ್ದರು. ಕತ್ತರಿ ಹಾಕಿದವರಿಗೆ ಆ ಮಾತಿನ ಅರ್ಥ ಚೆನ್ನಾಗಿಯೇ ಗೊತ್ತಿತ್ತು.

ರೇಸಿಸಂಗೆ ಕನ್ನಡದಲ್ಲಿ ‘ವರ್ಣಭೇದ’ ಎನ್ನುತ್ತೇವೆ, ‘ಜನಾಂಗೀಯವಾದ’ ಎಂದೂ ಬರೆಯುತ್ತೇವೆ. ವರ್ಣ ಎಂದರೆ ಬಣ್ಣವೂ ಹೌದು, ಚಾತುರ್ವರ್ಣದ ವರ್ಣವೂ ಹೌದು. ಹಾಗಾಗಿ ಆ ಪದವೂ ಪೂರ್ತಿ ಸಲೀಸಲ್ಲ. ನನ್ನನ್ನು ಕೇಳಿದರೆ, ಪೌಲ ಎದುರಿಸಿದ ತಪ್ಪಿಗೆ ನಮ್ಮ ಭಾಷೆಯಲ್ಲಿ ಮೊದಲಿಂದಲೂ ಒಂದು ಪದ ಇದೆ. ಪಂಕ್ತಿಭೇದ.

ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಯೆಹೂದ್ಯರಲ್ಲದ ಅನ್ಯಜನರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ, ಯೆಹೂದ್ಯನಾದ ಪೇತ್ರನೂ ಅವರ ಜೊತೆ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವು ಯೆಹೂದ್ಯರು ಬಂದರು. ಅವರು ಏನಂದುಕೊಳ್ಳುತ್ತಾರೋ ಎಂದು ಪೇತ್ರ ಮೆಲ್ಲಗೆ ಪಂಕ್ತಿಯಿಂದ ಎದ್ದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಯಾರೂ ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ನೆ ಎದ್ದು ಬೇರೆ ಕಡೆ ಕೂತರು. ಪೌಲ ಅದನ್ನು ಊಟದ ವಿಷಯ ಬಿಡಿ ಎಂದು ಬಿಡಲಿಲ್ಲ. ಎಲ್ಲರ ಎದುರಿಗೇ ಪೇತ್ರನನ್ನು ಖಂಡಿಸಿದ. ಅದು ಸುವಾರ್ತೆಯ ಸತ್ಯಕ್ಕೇ ತಪ್ಪಿ ನಡೆದಂತೆ ಎಂದ. ಅದೇ ಊರಿನ ಸಭೆಯ ಬೋಧಕರಲ್ಲಿ ಒಬ್ಬನಿಗೆ ‘ನೀಗರ’ ಎಂಬ ಹೆಸರಿತ್ತು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಕಪ್ಪು.

ದಕ್ಷಿಣ ಆಫ್ರಿಕಾದ ಕಥೆ ಇದರ ಪಕ್ಕದಲ್ಲೇ ಇಟ್ಟು ಓದುವಂಥದ್ದು. 1829ರಲ್ಲಿ ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯ ಮುಂದೆ ಒಂದು ಪ್ರಶ್ನೆ ಬಂತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಕೊಡಬಹುದಾ? ಕೂಡದು, ಎಲ್ಲರಿಗೂ ಒಂದೇ ಮೇಜು ಎಂದು ಹಿರಿಯರು ತೀರ್ಮಾನಿಸಿದರು. 1857ರ ಹೊತ್ತಿಗೆ ಒತ್ತಡ ಹೆಚ್ಚಿತು. ‘ಕೆಲವರ ಬಲಹೀನತೆಯ ನಿಮಿತ್ತ’ ಬೇರೆ ಕೂಡಬಹುದು ಎಂದು ಅದೇ ಸಭೆ ಒಪ್ಪಿಗೆ ಕೊಟ್ಟಿತು. ಬಲಹೀನರು ಎಂದರೆ ಕಪ್ಪು ಜನರ ಜೊತೆ ರೊಟ್ಟಿ ಮುರಿಯಲಾರದ ಬಿಳಿಯರು. ಒಂದು ಪಂಕ್ತಿ ಎರಡಾಯಿತು. ಆಮೇಲೆ ಸಭೆಗಳೇ ಬೇರೆಯಾದವು. 1948ರಿಂದ ಸರ್ಕಾರವೇ ವರ್ಣಭೇದ ನೀತಿ ತಂದಾಗ, ಸಭೆಯಲ್ಲಿ ಹಾಕಿಕೊಟ್ಟ ಮಾದರಿ ಸಿದ್ಧವಾಗಿಯೇ ಇತ್ತು. 1982ರಲ್ಲಿ ಒಟ್ಟಾವದಲ್ಲಿ ಸೇರಿದ ಜಾಗತಿಕ ರಿಫಾರ್ಮ್ಡ್ ಸಭೆಗಳ ಒಕ್ಕೂಟ, ಅದನ್ನು ಬೆಂಬಲಿಸಿ ಬೋಧಿಸುವುದು ಸುಳ್ಳು ಬೋಧನೆ ಎಂದು ಸಾರಿತು. ಅದೇ ವರ್ಷ ಅಲ್ಲಿನ ಬಿಳಿಯರಲ್ಲದವರ ಸಭೆಯೊಂದು ಬೆಲ್ಹಾರ್ ಎಂಬಲ್ಲಿ ತನ್ನ ನಂಬಿಕೆಯ ಅರಿಕೆಯನ್ನು ಬರೆಯಿತು. ಅದರ ಧ್ವನಿಯಲ್ಲಿ ಸೇಡು ಕಾಣುವುದಿಲ್ಲ, ಒಂದಾಗಿ ಬಾಳೋಣ ಎಂಬ ಕರೆ ಕಾಣುತ್ತದೆ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ದೂರದ ಊರಿನ ಪಾಪ ಹೇಳುವುದು ಸುಲಭ. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಕೂಡಲೇ ಹೋಗಬೇಕು ಎಂದು ದಕ್ಷಿಣದ ಸಭೆಗಳಿಗೆ ಬರೆದರು. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯಲಾರದೆ ತಂಜಾವೂರಿನ ಕಡೆ ಅನೇಕರು ಸಭೆಯನ್ನೇ ಬಿಟ್ಟರು. ತಮಿಳುನಾಡಿನ ಕೆಲವು ಊರುಗಳಲ್ಲಿ ಕ್ರೈಸ್ತರಿಗೇ ಎರಡೆರಡು ಸ್ಮಶಾನಗಳಿವೆ. ನಮ್ಮಲ್ಲೂ ಮದುವೆ ಮಾತು ಬಂದರೆ ‘ಮೊದಲು ಯಾವ ಜನ ಆಗಿದ್ದರು?’ ಎಂಬ ಪ್ರಶ್ನೆ ಮೆಲ್ಲಗೆ ಬಂದೇ ಬರುತ್ತದೆ.

ಆದರೂ ಜಾತಿಯೂ ರೇಸೂ ಒಂದೇ ಎಂದುಬಿಡುವುದು ಸರಿಯಲ್ಲ. ಪಂಜಾಬಿನ ಬ್ರಾಹ್ಮಣನಿಗೂ ಮದ್ರಾಸಿನ ಬ್ರಾಹ್ಮಣನಿಗೂ ರೇಸಿನ ನಂಟು ಎಲ್ಲಿದೆ ಎಂದು ಅಂಬೇಡ್ಕರ್ 1936ರಲ್ಲೇ ಕೇಳಿದ್ದರು. ಒಂದೇ ರೇಸಿನ ಜನರನ್ನೇ ಜಾತಿ ಒಡೆದಿದೆ ಎಂಬುದು ಅವರ ವಾದ. ಬೇರು ಬೇರೆ ಬೇರೆ. ಪಂಕ್ತಿಯಿಂದ ಎಬ್ಬಿಸುವ ರೀತಿ ಮಾತ್ರ ಒಂದೇ.

ಈಗಿನ ಚಿಂತನೆಗಳ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಬಿಳಿಯರ ನಾಡು, ಬಿಳಿಯರ ಕ್ರೈಸ್ತಧರ್ಮ ಎಂದು ಶಿಲುಬೆ ಹಿಡಿದು ಕೂಗುವವರು ಇಂದಿಗೂ ಇದ್ದಾರೆ. ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆಯ 7ನೇ ಅಧ್ಯಾಯದಲ್ಲಿ ಸಕಲ ಜನಾಂಗ, ಕುಲ, ಭಾಷೆಯವರು ಸಿಂಹಾಸನದ ಮುಂದೆ ನಿಂತಿದ್ದಾರೆ. ಅವರನ್ನು ಇವರು ಯಾವ ಬಾಗಿಲಿಂದ ಆಚೆ ಕಳಿಸುತ್ತಾರೆ? ಇನ್ನೊಂದು ಕಡೆ, ಒಬ್ಬ ಮನುಷ್ಯನ ಪಾಪ ಪುಣ್ಯವನ್ನೆಲ್ಲ ಅವನ ಚರ್ಮವೇ ಹೇಳುತ್ತದೆ ಎನ್ನುವ ಮಾತೂ ಕೇಳಿಬರುತ್ತದೆ. ಅನ್ಯಾಯ ತಿಂದವರ ಸಿಟ್ಟಿನಿಂದ ಹುಟ್ಟಿದ ಮಾತು ಅದು, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ತಂದೆಯ ದೋಷವನ್ನು ಮಗ ಹೊರಬೇಕಾಗಿಲ್ಲ ಎಂದು ಯೆಹೆಜ್ಕೇಲ 18ರಲ್ಲಿದೆ. ಹಾಗಂತ ‘ಅದೆಲ್ಲ ಅಜ್ಜಂದಿರ ಕಾಲದ್ದು, ನನಗೇನು?’ ಎಂದು ಕೈತೊಳೆದುಕೊಳ್ಳಲೂ ಬೈಬಲ್ ಬಿಡುವುದಿಲ್ಲ. ಯೆಹೂದ್ಯರ ನಾಯಕ ನೆಹೆಮೀಯ ತಾನು ಕಣ್ಣಲ್ಲೂ ಕಾಣದ ಕಾಲದ ತಪ್ಪಿಗೆ, ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎಂದು ಅತ್ತು ಪ್ರಾರ್ಥಿಸಿದ. ಅಜ್ಜ ಕಿತ್ತುಕೊಂಡ ಹೊಲದ ಭತ್ತ ಇಂದೂ ನಮ್ಮ ಮನೆಗೇ ಬರುತ್ತಿದ್ದರೆ, ಆ ಲೆಕ್ಕ ಇನ್ನೂ ತೀರಿಲ್ಲ.

ಆ ಹುಡುಗನಿಗೆ ನಾನು ಮುಂದಿನ ಭಾನುವಾರ ಉತ್ತರ ಹೇಳಿದೆ. “ಇಲ್ಲ ಕಣಪ್ಪ, ಜಾತಿ ದೇವರು ಮಾಡಿದ್ದಲ್ಲ. ಇಲ್ಲಿ ಜನಾಂಗ ಅಂದ್ರೆ ಒಂದೊಂದು ನಾಡಿನ ಜನ. ಎಲ್ಲರಿಗೂ ಮೂಲ ಒಬ್ಬನೇ.”

ಆವತ್ತು ನಮ್ಮಲ್ಲಿ ಸುಗ್ಗಿ ಹಬ್ಬದ ಊಟ ಇತ್ತು. ಓದಲು ಮೈಸೂರಿಗೆ ಬಂದಿದ್ದ ಟಾಂಜಾನಿಯಾದ ಒಬ್ಬ ತರುಣ ಕೆಲವು ವಾರಗಳಿಂದ ನಮ್ಮ ಆರಾಧನೆಗೆ ಬರುತ್ತಿದ್ದ. ಪಂಕ್ತಿಯಲ್ಲಿ ಅವನ ಎಡಕ್ಕೂ ಬಲಕ್ಕೂ ಎಲೆ ಖಾಲಿ ಇತ್ತು. ‘ನೀಗ್ರೋ’ ಎಂದು ಯಾರೋ ಹಿಂದಿನಿಂದ ಮಕ್ಕಳಿಗೆ ತೋರಿಸುತ್ತಿದ್ದರು. ಪಾಠ ಹೇಳುವ ನಾನೇ ಅಷ್ಟು ವಾರ ಅವನ ಹೆಸರು ಕೇಳಿರಲಿಲ್ಲ. ಆ ನಾಚಿಕೆಯಿಂದಲೇ ಹೋಗಿ ಪಕ್ಕದಲ್ಲಿ ಕೂತೆ. ಹುಡುಗ ಓಡಿ ಬಂದು ಇನ್ನೊಂದು ಪಕ್ಕ ಕೂತ. ಊಟದ ನಡುವೆ ಅಪೊಸ್ತಲರ ಕೃತ್ಯಗಳ ಆ ವಾಕ್ಯ ನಿಮ್ಮ ಭಾಷೆಯಲ್ಲಿ ಹೇಗಿದೆ ಎಂದು ಕೇಳಿದೆ. ಅವನು ಮೊಬೈಲ್ ತೆಗೆದು ಸ್ವಾಹಿಲಿ ಬೈಬಲ್‌ನಲ್ಲಿ ತೋರಿಸಿದ. ನಾವು ಜನಾಂಗ ಎನ್ನುವ ಕಡೆ ಅಲ್ಲಿ ‘ತೈಫಾ’ ಎಂದಿದೆ. ನಾಡು, ದೇಶ ಎಂದು ಅದರ ಅರ್ಥವಂತೆ. “ನಮ್ಮ ಫುಟ್‌ಬಾಲ್ ತಂಡದ ಹೆಸರಲ್ಲೂ ಅದೇ ಪದ ಇದೆ, ತೈಫಾ ಸ್ಟಾರ್ಸ್” ಎಂದ. ಫುಟ್‌ಬಾಲ್ ಎಂದದ್ದೇ ತಡ, ಹುಡುಗ ನನ್ನನ್ನು ಬಿಟ್ಟು ಅವನ ಜೊತೆ ಮಾತಿಗಿಳಿದ.