ಇಂಡಿಯಾನಾಗೆ ಕೋಚ್ ಹುಡುಕುವುದು ಯಾಕಿಷ್ಟು ಕಷ್ಟ?

2025ರ ಮಾರ್ಚ್‌ನಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ತನ್ನ ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಡೇರಿಯನ್ ಡಿವ್ರೀಸ್ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿತು. 2000ದಿಂದೀಚೆಗೆ ಇವರು ಆರನೇ ಕಾಯಂ ಕೋಚ್. ಅದಕ್ಕೂ ಹಿಂದಿನ 29 ವರ್ಷ ಇದ್ದದ್ದು ಒಬ್ಬರೇ, ಬಾಬ್ ನೈಟ್.

ನೈಟ್ 1976, 1981, 1987ರಲ್ಲಿ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್ ಪ್ರಶಸ್ತಿ ಗೆದ್ದರು. 1976ರಲ್ಲಂತೂ 32 ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ. ಸಿಟ್ಟೂ ಹಾಗೇ ಇತ್ತು. 1985ರಲ್ಲಿ ಪರ್ಡ್ಯೂ ವಿರುದ್ಧ ಆಡುವಾಗ ಕುರ್ಚಿಯನ್ನೇ ಎತ್ತಿ ಅಂಕಣಕ್ಕೆ ಎಸೆದಿದ್ದರು. 2000ದ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಸಹಾಯಕರಾಗಿದ್ದ ಮೈಕ್ ಡೇವಿಸ್ ಆ ಜಾಗಕ್ಕೆ ಬಂದರು. 2002ರಲ್ಲಿ ಫೈನಲ್‌ವರೆಗೂ ಹೋದರು, ಆದರೂ 2006ರ ಹೊತ್ತಿಗೆ ಹೊರಗೆ.

ಮುಂದಿನ ಎರಡು ವರ್ಷವನ್ನು ನಿಧಾನವಾಗಿ ನೋಡಬೇಕು. ಗೆದ್ದು ತೋರಿಸಿದವರೇ ಬೇಕು ಎಂದು ಒಕ್ಲಹೋಮಾ ವಿಶ್ವವಿದ್ಯಾಲಯದಿಂದ ಕೆಲ್ವಿನ್ ಸ್ಯಾಂಪ್ಸನ್ ಅವರನ್ನು ಕರೆತಂದರು. ತಂಡಕ್ಕೆ ಸೆಳೆಯಲು ಹೈಸ್ಕೂಲ್ ಆಟಗಾರರಿಗೆ ಎಷ್ಟು ಸಲ ಫೋನ್ ಮಾಡಬಹುದು ಎನ್ನುವುದಕ್ಕೆ ಆಗ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ಮಿತಿ ಹಾಕಿತ್ತು. ಒಕ್ಲಹೋಮಾದಲ್ಲಿ ಅವರ ಸಿಬ್ಬಂದಿ ಮಾಡಿದ್ದ ನಿಯಮಬಾಹಿರ ಕರೆಗಳು 500ಕ್ಕೂ ಜಾಸ್ತಿ. ಆ ತನಿಖೆ ನಡೆಯುತ್ತಿದ್ದಾಗಲೇ ನೇಮಕ ಆಯಿತು! ಕೆಲವೇ ವಾರಗಳಲ್ಲಿ ಶಿಕ್ಷೆ ಬಂತು: ಒಂದು ವರ್ಷ ಆಟಗಾರರಿಗೆ ಫೋನ್ ಮಾಡುವಂತಿಲ್ಲ. 2007ರಲ್ಲಿ ಮತ್ತೆ ಅದೇ ರಗಳೆ. ನಿಷೇಧ ಇದ್ದಾಗಲೇ, ಸಹಾಯಕರು ಮಾಡಿದ ಕರೆಗೆ ಸ್ಯಾಂಪ್ಸನ್ ಸೇರಿಕೊಳ್ಳುತ್ತಿದ್ದರು. 2008ರ ಫೆಬ್ರವರಿಯಲ್ಲಿ 7.5 ಲಕ್ಷ ಡಾಲರ್ ಪಡೆದು ಅವರು ಹೊರನಡೆದರು. ತಂಡ ಆಗ ಗೆಲ್ಲುತ್ತಲೇ ಇತ್ತು ಅನ್ನುವುದು ಬೇರೆ ಮಾತು.

2012ರಲ್ಲಿ ಕರೆಗಳ ಮೇಲಿನ ಮಿತಿಯನ್ನು ಎನ್‌ಸಿಎಎಯೇ ಬಹುಪಾಲು ಸಡಿಲಿಸಿತು. ಸ್ಯಾಂಪ್ಸನ್ 2025ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು ಫೈನಲ್‌ಗೆ ಒಯ್ದು, ಎರಡೇ ಅಂಕದಿಂದ ಸೋತರು. ನಿಯಮ ಮುರಿದದ್ದು ತಪ್ಪೇ. ಆದರೆ ಆ ಗಲಾಟೆಗೆ ಇಂಡಿಯಾನಾ ತೆತ್ತ ಬೆಲೆ ಜಾಸ್ತಿಯೇ ಆಯಿತು ಅನ್ನಿಸುತ್ತದೆ, ಅಲ್ವಾ?

ಯಾಕೆಂದರೆ ನಂತರ ಬಂದ ಟಾಮ್ ಕ್ರೀನ್ ಕೈಗೆ ಸಿಕ್ಕಿದ್ದು ಖಾಲಿ ಮನೆ. ಹಳೇ ತಂಡದಲ್ಲಿ ಉಳಿದವರು ಇಬ್ಬರೇ. ಮೊದಲ ವರ್ಷ 6 ಗೆಲುವು, 25 ಸೋಲು. 2013ಕ್ಕೆ ತಂಡವನ್ನು ಅಗ್ರ ಶ್ರೇಯಾಂಕಕ್ಕೆ ಏರಿಸಿದರು. 2017ರಲ್ಲಿ ಅವರಿಗೂ ವಿದಾಯ. ಆರ್ಚಿ ಮಿಲ್ಲರ್ ನಾಲ್ಕು ವರ್ಷ ಇದ್ದರೂ ರಾಷ್ಟ್ರೀಯ ಟೂರ್ನಿ ಆಡಲಿಲ್ಲ. ಅವರ ಕರಾರು ಮುರಿಯಲು 1 ಕೋಟಿ ಡಾಲರ್‌ಗೂ ಹೆಚ್ಚು ಬೇಕಾಯಿತು, ಅದನ್ನು ದಾನಿಗಳು ಕೊಟ್ಟರು. ಆಮೇಲೆ ನೈಟ್ ಕೈಯಲ್ಲಿ ಪಳಗಿದ ಮೈಕ್ ವುಡ್ಸನ್. ವೃತ್ತಿಪರ ಲೀಗ್ ಎನ್‌ಬಿಎ ಅನುಭವ ಬೇಕಾದಷ್ಟಿತ್ತು, ಕಾಲೇಜು ತಂಡಕ್ಕೆ ಕೋಚ್ ಆಗಿದ್ದು ಮಾತ್ರ ಇದೇ ಮೊದಲು. ಮೊದಲೆರಡು ವರ್ಷ ಟೂರ್ನಿಗೆ ಹೋದರು, ಮುಂದಿನ ಎರಡು ವರ್ಷ ಇಲ್ಲ.

ಪ್ರತಿ ಸಲವೂ ಹೋದವರಲ್ಲಿ ಏನು ಕಾಣಲಿಲ್ಲವೋ ಅದನ್ನೇ ಬರುವವರಲ್ಲಿ ಹುಡುಕಿದ್ದಾರೆ. ಅಳೆದದ್ದು ಮಾತ್ರ 1976ರ ಕೋಲಿನಿಂದಲೇ. ತಂಡದ ತವರು ಅಂಕಣ ಅಸೆಂಬ್ಲಿ ಹಾಲ್‌ನಲ್ಲಿ ತೂಗುವ ಐದು ಪ್ರಶಸ್ತಿ ಬ್ಯಾನರ್‌ಗಳಲ್ಲಿ ಕೊನೆಯದು 1987ರದ್ದು.

ಈಗ ಆಟವೇ ಬದಲಾಗಿದೆ. 2021ರಿಂದ ಆಟಗಾರರು ಒಂದು ವರ್ಷ ಸುಮ್ನೆ ಕೂರದೆ ಕಾಲೇಜು ಬದಲಿಸಬಹುದು, ಜಾಹೀರಾತಿನಿಂದ ಹಣವನ್ನೂ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯವೇ ನೇರವಾಗಿ ದುಡ್ಡು ಕೊಡಬಹುದು. ಡಿವ್ರೀಸ್ ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಆರು ವರ್ಷ, ವೆಸ್ಟ್ ವರ್ಜೀನಿಯಾದಲ್ಲಿ ಒಂದೇ ವರ್ಷ ಇದ್ದು ಇಲ್ಲಿಗೆ ಬಂದವರು. ಮೊದಲ ವರ್ಷಕ್ಕೆ ಅವರು ಕಟ್ಟಿದ ತಂಡದಲ್ಲಿ ಬಹುಪಾಲು ಬೇರೆ ಕಾಲೇಜುಗಳಿಂದ ಬಂದವರೇ. ಅವರಲ್ಲಿ ಒಬ್ಬ, ಎರಡೂ ಕಡೆ ಅಪ್ಪನ ಜೊತೆಗಿದ್ದ ಮಗ ಟಕ್ಕರ್.