ಅಕ್ಷರಕ್ಕೆ ಮುಂಚೆ ಅನ್ನ: ದುರ್ಗದ ಸೀಮೆಯಲ್ಲಿ ಶಾಲೆ ಬೆಳೆದ ಬಗೆ

ಶಾಲೆ ಇರುವುದು ಯಾತಕ್ಕೆ ಎಂದು ಕೇಳಿದರೆ ಓದು, ಬರಹ, ಲೆಕ್ಕ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗಂಟುಮೂಟೆ ಕಟ್ಟಿ ಗುಳೆ ಹೊರಡುವ ಚಿತ್ರದುರ್ಗ, ದಾವಣಗೆರೆಯ ಬಯಲಿನಲ್ಲಿ ಒಂದು ಮಗು ಓದುತ್ತದೋ ಇಲ್ಲವೋ ಎಂಬುದು ಬಹುಕಾಲ ಬೇರೆ ಎರಡು ಪ್ರಶ್ನೆಗಳ ಮೇಲೆ ನಿಂತಿತ್ತು: ಅದು ಮಧ್ಯಾಹ್ನ ಎಲ್ಲಿ ಉಣ್ಣುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ? 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಸೀಮೆಯ ಶಿಕ್ಷಣದ ಚರಿತ್ರೆಯನ್ನು ಕಟ್ಟಡ ಮತ್ತು ಫಲಿತಾಂಶಗಳ ಲೆಕ್ಕದಲ್ಲಿ ಹೇಳುವವರು ಈ ಪ್ರಶ್ನೆಗಳನ್ನು ಬದಿಗಿಡುತ್ತಾರೆ. ಶಾಲೆಯ ಉದ್ದೇಶ ಇಲ್ಲಿ ಹಿಗ್ಗಿದ್ದು ಮಾತ್ರ ಅವುಗಳಿಗೆ ಉತ್ತರ ಹುಡುಕುತ್ತಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಕೂಲಿಮಠಕ್ಕೆ ಆ ಚಿಂತೆ ಇರಲಿಲ್ಲ. ಐಗಳು ಜಗಲಿಯ ಮೇಲೋ ಗುಡಿಯ ಪಡಸಾಲೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಕಾಳುಕಡ್ಡಿ, ಜೊತೆಗೆ ಮಹಾನವಮಿಯಲ್ಲಿ ಮಕ್ಕಳು ಮನೆಮನೆಯ ಮುಂದೆ ಚೌಪದ ಹಾಡಿ ತಂದ ಕಾಣಿಕೆ. ಅಂಗಡಿಯ ಲೆಕ್ಕ ಬರೆಯುವುದಕ್ಕೆ, ಶಾನುಭೋಗಿಕೆಗೆ, ಪುರಾಣ ಓದುವುದಕ್ಕೆ ಅಷ್ಟು ವಿದ್ಯೆ ಸಾಕಾಗಿತ್ತು. ಕಲಿಯುತ್ತಿದ್ದವರು ಊರಿನಲ್ಲೇ ಮನೆಯಿದ್ದ, ದನ ಕಾಯುವ ಅಗತ್ಯವಿಲ್ಲದ ಹುಡುಗರು. ಹೊಲಗೇರಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಆ ಜಗಲಿ ಬಹುಮಟ್ಟಿಗೆ ಮುಚ್ಚಿಯೇ ಇತ್ತು.

ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ತೆರೆಯುವ, ಶಿಕ್ಷಣಾಧಿಕಾರಿ ಬಿ. ಎಲ್. ರೈಸ್ ಅವರ ಯೋಜನೆ 1868ರಲ್ಲಿ ಬಂದ ಮೇಲೆ ಓದು ನಿಧಾನವಾಗಿ ಸರ್ಕಾರದ ಕೆಲಸವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಪ್ರಾಥಮಿಕ ಶಿಕ್ಷಣ ಶಾಸನವು ಆಯ್ದ ಕೇಂದ್ರಗಳಲ್ಲಿ ಹುಡುಗರಿಗೆ ಶಾಲೆಯನ್ನು ಕಡ್ಡಾಯಗೊಳಿಸಿತು. ಅದೇ ಕಾಲಕ್ಕೆ ಶಾಲೆ ಸರ್ಕಾರಿ ನೌಕರಿಯ ಬಾಗಿಲೂ ಆಗಿತ್ತು. ಆ ಬಾಗಿಲಲ್ಲಿ ಹಾಯುತ್ತಿದ್ದವರಲ್ಲಿ ಬ್ರಾಹ್ಮಣರೇ ಬಹಳ ಎಂಬ ಅಸಮಾಧಾನ ಬೆಳೆದು, ನೌಕರಿಯಲ್ಲಿ ಇತರ ಸಮುದಾಯಗಳ ಪಾಲನ್ನು ಪರಿಶೀಲಿಸಿದ 1918ರ ಮಿಲ್ಲರ್ ಸಮಿತಿಗೆ ದಾರಿಯಾಯಿತು. ಆದರೆ ಮೇಲಿನ ತರಗತಿಗೆ ಹೋದಷ್ಟೂ ಶಾಲೆ ಮನೆಯಿಂದ ದೂರವಾಗುತ್ತಿತ್ತು. 1902ರಲ್ಲಿ ಹಲವಾಗಲಿನಲ್ಲಿ ಹುಟ್ಟಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಹಳೆಯ ಕ್ರಮದ ಗುರುಗಳ ಬಳಿ ಅಕ್ಷರ ಕಲಿತು, ದಾವಣಗೆರೆಯ ಆಂಗ್ಲೋ ವರ್ನಾಕ್ಯುಲರ್ ಶಾಲೆ, ಚಿತ್ರದುರ್ಗದ ಹೈಸ್ಕೂಲು ದಾಟಿ 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಒಂದೊಂದು ಮೆಟ್ಟಿಲಿಗೂ ಊರು ಬದಲಾಗಬೇಕಿತ್ತು. ಪರಊರಿನಲ್ಲಿ ತಂಗಲು ಯಾರದಾದರೂ ಆಸರೆ ಬೇಕಿತ್ತು.

ಆ ಆಸರೆ ಎಲ್ಲರಿಗೂ ಒಂದೇ ಸಮನಾಗಿ ಸಿಗುತ್ತಿರಲಿಲ್ಲ. ಪೇಟೆಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ದಿನ ಏಳು ಮನೆಯಲ್ಲಿ ಉಂಡು ಓದು ಮುಗಿಸಬಹುದಿತ್ತು. ಅದು ಕಷ್ಟದ ಬದುಕೇ ಹೌದು, ಅನ್ನಕ್ಕಾಗಿ ಪರರ ಹೊಸ್ತಿಲಲ್ಲಿ ಕಾಯುವ ನೋವು ಅದರಲ್ಲಿತ್ತು. ಆದರೂ ಅದೊಂದು ವ್ಯವಸ್ಥೆ. ಒಕ್ಕಲು ಮಕ್ಕಳಿಗೆ, ಕುರುಬರ, ಬೇಡರ ಹುಡುಗರಿಗೆ, ದಲಿತರಿಗೆ ಪೇಟೆಯಲ್ಲಿ ಅಂಥ ಹೊಸ್ತಿಲೂ ಇರಲಿಲ್ಲ. ಈ ಕೊರತೆಗೆ ಉತ್ತರವಾಗಿ ಬಂದದ್ದು, ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಡುವ ಉಚಿತ ಪ್ರಸಾದ ನಿಲಯ. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು 20ನೇ ಶತಮಾನದ ಮೊದಲರ್ಧದಲ್ಲಿ ಊರೂರು ಸುತ್ತಿ, ಭಕ್ತರು ಒಪ್ಪಿಸಿದ ಕಾಣಿಕೆಯನ್ನು ವಿದ್ಯಾರ್ಥಿಗಳ ಅನ್ನಕ್ಕೆ ತಿರುಗಿಸಿದರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು 1940ರ ದಶಕದಲ್ಲಿ ಹಳ್ಳಿಯಲ್ಲೇ ಪ್ರೌಢಶಾಲೆ ತೆರೆದರು. 1962ರಲ್ಲಿ ತರಳಬಾಳು ವಿದ್ಯಾಸಂಸ್ಥೆ ರೂಪುಗೊಂಡಿತು. ಬಂದವರಿಗೆ ಉಣಬಡಿಸುವ ಮಠದ ದಾಸೋಹವೇ ಇಲ್ಲಿ ಶಿಕ್ಷಣದ ಬುನಾದಿಯಾಯಿತು. ಸುಗ್ಗಿ ಮುಗಿದ ಮೇಲೆ ರೈತ ಒಪ್ಪಿಸಿದ ಒಂದು ಚೀಲ ಜೋಳ ಅಥವಾ ರಾಗಿ, ತಾನು ಎಂದೂ ನೋಡದ ಹುಡುಗನೊಬ್ಬನ ಹೈಸ್ಕೂಲು ಓದಾಗಿ ಬದಲಾಗುತ್ತಿತ್ತು. ಶಾಲೆ ಸಮಾಜದ್ದು ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥವನ್ನು ನಾನು ಕಂಡಿಲ್ಲ.

ಈ ನಿಲಯಗಳಿಗೆ ಮಿತಿಯೂ ಇತ್ತು. ಹಲವು ನಿಲಯಗಳು ಒಂದೊಂದು ಜಾತಿಯ ಹೆಸರಿನಲ್ಲೇ ಹುಟ್ಟಿದವು, ಮತ್ತು ಹೆಚ್ಚಿನವು ಹುಡುಗರಿಗಷ್ಟೇ ಮೀಸಲಾಗಿದ್ದವು. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠ, ಚಿತ್ರದುರ್ಗದ ಮಾದಾರ ಚನ್ನಯ್ಯ ಗುರುಪೀಠದಂಥ ಪೀಠಗಳು ಇತ್ತೀಚಿನ ದಶಕಗಳಲ್ಲಿ ಎದ್ದು ನಿಂತದ್ದನ್ನು ಜಾತಿ ಸಂಘಟನೆ ಎಂದಷ್ಟೇ ನೋಡುವುದು ಸರಿಯಲ್ಲ. ನಮ್ಮ ಮಕ್ಕಳಿಗೂ ಒಂದು ನೆಲೆ ಬೇಕು ಎಂಬ ಹಳೆಯ ಹಸಿವು ಅದರ ಹಿಂದಿದೆ.

ದಾವಣಗೆರೆಯಲ್ಲಿ ವ್ಯಾಪಾರದ ಹಣ ಬೇರೊಂದು ದಾರಿ ತೆರೆಯಿತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಮನೆತನದ ದಾನದಿಂದ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಅದು ತೆರೆದ ವೈದ್ಯಕೀಯ ಕಾಲೇಜಿಗೆ ಜಯದೇವ ಸ್ವಾಮಿಗಳ ಹೆಸರನ್ನೇ ಇಡಲಾಯಿತು. ಹತ್ತಿ ಗಿರಣಿಗಳ ಊರು ಕಾಲೇಜುಗಳ ಊರಾಯಿತು. ಅದರೊಂದಿಗೆ ಶಾಲೆಯ ಗುರಿ ಮೆಡಿಕಲ್ ಸೀಟು, ಎಂಜಿನಿಯರಿಂಗ್ ಸೀಟು ಎಂಬ ಎಣಿಕೆಯೂ ಮನೆಮನೆಗಳಲ್ಲಿ ಬೇರೂರಿತು.

ಸರ್ಕಾರ ಅನ್ನದ ಹೊಣೆಯನ್ನು ತಡವಾಗಿ, ತುಂಡುತುಂಡಾಗಿ ಹೊತ್ತುಕೊಂಡಿತು. ಐವತ್ತು ದಾಟಿದವರಿಗೆ, ಕೇರ್ ಎಂಬ ವಿದೇಶಿ ನೆರವು ಸಂಸ್ಥೆಯ ಹೆಸರಿನ ಶಾಲೆಯ ಉಪ್ಪಿಟ್ಟಿನ ವಾಸನೆ ನೆನಪಿರುತ್ತದೆ. 1970ರ ದಶಕದಲ್ಲಿ ದೇವರಾಜ ಅರಸರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳು ಹೆಚ್ಚಿದವು. 1995ರ ಬಳಿಕ ಹಾಜರಾತಿ ಸರಿಯಿದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಧಾನ್ಯ ಕೊಡುವ ಕೇಂದ್ರದ ಯೋಜನೆ ಬಂತು. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದ ಮೇಲೆ, ಕರ್ನಾಟಕವು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅದನ್ನು ಆರಂಭಿಸಿ, 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಮಠದ ಪಂಕ್ತಿಯ ಮಾತು ಸರ್ಕಾರಿ ಸುತ್ತೋಲೆಯ ಮಾತಾದದ್ದು ಆಕಸ್ಮಿಕವಲ್ಲ. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ: ಹಳ್ಳಿಯ ಶಾಲೆಯ ಈ ಪಂಕ್ತಿಗೆ ಯಾವ ಜಾತಿಯ ಹೆಸರೂ ಇಲ್ಲ, ಹುಡುಗಿಯರೂ ಅದೇ ಸಾಲಿನಲ್ಲಿ ಕೂರುತ್ತಾರೆ. ದಲಿತ ಅಡುಗೆಯವರು ಬೇಯಿಸಿದ್ದನ್ನು ಮಕ್ಕಳು ಉಣ್ಣಬಾರದೆಂದು ದೊಡ್ಡವರು ತಡೆದ ಪ್ರಸಂಗಗಳು ರಾಜ್ಯದಲ್ಲಿ ನಡೆದಿವೆ. ಶಾಲೆ ಏನನ್ನು ಬದಲಿಸಲು ಹೊರಟಿದೆ ಎಂಬುದು ಆ ವಿರೋಧದಲ್ಲೇ ಕಾಣುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು, ಬಿಸಿಯೂಟ ಬರಲಿಲ್ಲ. ಅದರ ಬದಲು ಕೊಟ್ಟ ಧಾನ್ಯ ಮನೆಯ ಒಲೆ ಸೇರಿತು. ಮಕ್ಕಳು ಕುರಿ ಹಿಂದೆ, ಹೊಲದ ಕೆಲಸಕ್ಕೆ ಹೋದರು; ಪ್ರಾಯಕ್ಕೆ ಬರುತ್ತಿದ್ದ ಹುಡುಗಿಯರ ಮದುವೆಯ ಮಾತುಗಳು ಎದ್ದವು. ಶಾಲೆಯ ಆವರಣ ಹೆಣ್ಣುಮಕ್ಕಳಿಗೆ ಎಂಥ ರಕ್ಷಣೆಯಾಗಿತ್ತೆಂಬುದು ಅದು ಬೀಗ ಹಾಕಿಕೊಂಡಾಗ ತಿಳಿಯಿತು.

ಈಗ ಹಳ್ಳಿಗಳಿಂದ ಬೆಳಿಗ್ಗೆ ಹೊರಡುವ ಹಳದಿ ವ್ಯಾನುಗಳು ಇಂಗ್ಲಿಷ್ ಮಾಧ್ಯಮದ ಆಸೆಯನ್ನು ಹೊತ್ತು ಪೇಟೆಗೆ ಹೋಗುತ್ತವೆ. ಆ ಆಸೆಯನ್ನು ನಾನು ಹಳಿಯಲಾರೆ. ಒಣಭೂಮಿಯ ರೈತ ಮಗನಿಗೆ ಬೇರೆ ದಾರಿ ಹುಡುಕುವುದು ನ್ಯಾಯವೇ. ನನ್ನ ಆತಂಕ ಊರಿನಲ್ಲಿ ಉಳಿದ ಸರ್ಕಾರಿ ಶಾಲೆಯದು. ಮಕ್ಕಳು ಕಡಿಮೆ ಎಂದು ಅದನ್ನು ಇನ್ನೊಂದು ಶಾಲೆಗೆ ವಿಲೀನ ಮಾಡುವಾಗ ಲೆಕ್ಕಕ್ಕೆ ಬರುವುದು ದಾಖಲಾತಿ ಸಂಖ್ಯೆ ಮಾತ್ರ. ಜಗಳೂರು, ಮೊಳಕಾಲ್ಮೂರಿನ ಕಡೆಯಿಂದಲೂ ಲಂಬಾಣಿ ತಾಂಡಾಗಳಿಂದಲೂ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಹೋಗುವ ಸಂಸಾರಗಳಿವೆ. ಅಜ್ಜಿಯ ಜೊತೆ ಮಗುವನ್ನು ಊರಲ್ಲೇ ಬಿಟ್ಟುಹೋಗುವ ಧೈರ್ಯ ಅವರಿಗೆ ಬರುವುದು ಮಧ್ಯಾಹ್ನದ ಊಟ ನಡೆದು ಹೋಗುವಷ್ಟು ದೂರದಲ್ಲಿದ್ದಾಗ. ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ, ಅಲ್ಲಿ ಮಗು ಸುರಕ್ಷಿತವಾಗಿರುತ್ತದೆಂಬ ನಂಬಿಕೆ ಇದ್ದರೆ, ಆ ಧೈರ್ಯ ಇನ್ನೂ ಹೆಚ್ಚು. ಅದಕ್ಕಾಗಿ ಯಾರ ಹೆಸರಿನ ನಿಲಯವೇ ಆಗಲಿ, ಹೊರಗಿನವರ ತಪಾಸಣೆಗೆ ಸದಾ ತೆರೆದಿರಬೇಕು. ಹತ್ತಿರದ ಊಟವೂ ಹಾಸ್ಟೆಲೂ ಇಲ್ಲದ ಕಡೆ ಮಗು ಅಪ್ಪ ಅಮ್ಮನ ಜೊತೆ ಲಾರಿ ಹತ್ತುತ್ತದೆ, ಮತ್ತು ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಯುಗಾದಿಯವರೆಗೂ ಗೈರುಹಾಜರಿಯ ಗುರುತು ಬೀಳುತ್ತಾ ಹೋಗುತ್ತದೆ.